ಜಾತ್ರೆಯ ದಾರಿಯಲ್ಲಿ ವಾಹನವಿವೇಕ

ಭಾರತ ಹುಣ್ಣಿಮೆಯ ಕಾಲದಲ್ಲಿ ಮೈಲಾರಕ್ಕೆ ಹೋಗಿ ಕಾರಣಿಕವನ್ನು ಕೇಳಿ ಬಂದವರು ಕಾಲಿನ ಧೂಳನ್ನು ಕೊಡಹುವಷ್ಟರಲ್ಲಿಯೇ ಮಾಘ ಬಹುಳದ ಕೊಟ್ಟೂರೇಶ್ವರನ ರಥೋತ್ಸವವು ಸಮೀಪಿಸುತ್ತದೆ. ಆಗ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಗಳ ದಾರಿಗಳಿಗೆಲ್ಲ ಒಂದೇ ದಿಕ್ಕು. ದಾವಣಗೆರೆಯ ಕಡೆಯಿಂದಲೂ ಅದಕ್ಕಿಂತ ದೂರದಿಂದಲೂ ಪಾದಯಾತ್ರಿಗಳು ಗುಂಪುಗುಂಪಾಗಿ ಹಗಲಿರುಳೆನ್ನದೆ ನಡೆಯುತ್ತಾರೆ. ಅದೇ ರಸ್ತೆಯಲ್ಲಿಯೇ ಮೋಟಾರುಗಳೂ ಹೋಗುತ್ತವೆ. ಸಮೀಪದಲ್ಲಿಯೇ, ಬೇರೆ ಹಾದಿಯಲ್ಲಿ, ರೈಲು ಹೋಗುತ್ತದೆ. ಸ್ವಂತ ಕಾರಿನಲ್ಲಿ ಹೋಗುವುದೋ ರೈಲಿನಲ್ಲಿ ಹೋಗುವುದೋ ಎಂದು ಮನೆಮನೆಯಲ್ಲಿ ಮಾತು ನಡೆಯುತ್ತದೆ. ಆ ಮಾತಿನಲ್ಲಿ ಹೊತ್ತು, ಹಣ, ಆಯಾಸ ಇವುಗಳ ಲೆಕ್ಕವು ಬರುವುದೇ ಹೊರತು ಧರ್ಮದ ಲೆಕ್ಕವು ಬರುವುದಿಲ್ಲ. ಬರಬೇಕೆ ಎಂಬುದು ವಿಚಾರಣೀಯವು.

ಹೊಸಪೇಟೆಯಿಂದ ಕೊಟ್ಟೂರಿಗೆ ರೈಲು ಬಂದುದು 1905ರಲ್ಲಿ, ಸಣ್ಣ ಹಳಿಯ ಮೇಲೆ. ದಾರಿಯು ಅಲ್ಲಿಗೇ ಮುಗಿಯುತ್ತಿತ್ತು. ಹಳಿಯ ಅಗಲವನ್ನು ಬದಲಿಸುವ ಕಾಲದಲ್ಲಿ ಪ್ರಯಾಣಿಕರ ಗಾಡಿಯು ನಿಂತುಹೋಗಿ, ಬಹು ವರ್ಷಗಳ ಅನಂತರ, ಹರಪನಹಳ್ಳಿಯ ಮೇಲೆ ಹರಿಹರದವರೆಗೆ ಹೊಸ ಹಳಿಯು ಕೂಡಿದ ಮೇಲೆ, 2019ರಲ್ಲಿ ಮರಳಿ ಓಡತೊಡಗಿತು. ಈಗ ಹಗರಿಬೊಮ್ಮನಹಳ್ಳಿಯವರಿಗೂ ಹರಪನಹಳ್ಳಿಯವರಿಗೂ ಕೊಟ್ಟೂರು ರೈಲಿನ ಊರು. ಕೂಡ್ಲಿಗಿಗೂ ಹಡಗಲಿಗೂ ರೈಲಿಲ್ಲ. ಆದುದರಿಂದ ಈ ಪ್ರಶ್ನೆಯು ಎಲ್ಲರಿಗೂ ಒಂದೇ ಬಗೆಯಾದುದಲ್ಲ. ಶಕ್ತಿಯಿಲ್ಲದವನಿಗೆ ವಿಧಿಯಿಲ್ಲವೆಂಬುದು ಶಾಸ್ತ್ರಮರ್ಯಾದೆ. ಎರಡು ದಾರಿಗಳಿರುವವನಿಗೆ ಮಾತ್ರ ಆರಿಸುವ ಹೊಣೆಯು ಬರುತ್ತದೆ.

ವಾಹನವು ಕೇವಲ ಸಾಧನವು, ದರ್ಶನವೇ ಫಲವು, ಸಾಧನದಲ್ಲಿ ಧರ್ಮಾಧರ್ಮಗಳನ್ನು ಹುಡುಕುವುದು ವ್ಯರ್ಥವೆಂದು ಕೆಲವರು ಹೇಳಬಹುದು. ಮೀಮಾಂಸಕರಲ್ಲಿ ಇದಕ್ಕೆ ಆಧಾರವಿರುವಂತೆಯೂ ತೋರುತ್ತದೆ. ಯಜ್ಞಕ್ಕಾಗಿ ಇರುವುದು ಕ್ರತ್ವರ್ಥವು, ಮನುಷ್ಯನ ಸುಖಕ್ಕಾಗಿ ಇರುವುದು ಪುರುಷಾರ್ಥವು ಎಂದು ಜೈಮಿನಿಯ ನಾಲ್ಕನೆಯ ಅಧ್ಯಾಯದಲ್ಲಿ ವಿಂಗಡಿಸಿರುವರು. ಹಾಗೆ ನೋಡಿದರೆ ಕಾರು ಯಾತ್ರಿಕನ ಸುಖಕ್ಕಾಗಿರುವುದೇ ಹೊರತು ಯಾತ್ರೆಯ ಅಂಗವಲ್ಲ. ಇರಲಿ. ಆದರೆ ಅಂಗವಲ್ಲವೆಂದ ಮಾತ್ರಕ್ಕೆ ಅದು ನಿಷೇಧಗಳಿಂದ ತಪ್ಪಿಸಿಕೊಳ್ಳಲಾರದು. ತನ್ನ ಸುಖಕ್ಕಾಗಿ ಮಾಡುವ ಕೆಲಸದಲ್ಲಿಯೇ ಅಲ್ಲವೆ ಪರಪೀಡೆಯ ಸಂಭವವು ಹೆಚ್ಚು?

ಮತ್ಸ್ಯಪುರಾಣದ ಪ್ರಯಾಗಮಾಹಾತ್ಮ್ಯವು ಈ ವಿಷಯದಲ್ಲಿ ಬಹಳ ಕಠಿನವಾಗಿದೆ. ಎತ್ತನ್ನೇರಿ ಪ್ರಯಾಗಕ್ಕೆ ಹೋಗುವವನಿಗೆ ಅಲ್ಲಿ ನರಕವನ್ನು ಹೇಳಿದೆ. ಐಶ್ವರ್ಯ, ಲೋಭ, ಮೋಹಗಳಿಂದ ವಾಹನವನ್ನೇರಿ ಹೋಗುವವನಿಗೆ ತೀರ್ಥವು ನಿಷ್ಫಲವೆಂದಿದೆ. ಇದನ್ನು ಅಕ್ಷರಶಃ ಹಿಡಿದರೆ ಇಂದು ಜಾತ್ರೆಗೆ ಹೋಗುವವರಲ್ಲಿ ಅನೇಕರ ಗತಿಯು ಶೋಚನೀಯವೇ. ಆದರೆ ಅಲ್ಲಿ ಕೊಟ್ಟಿರುವ ಕಾರಣಗಳನ್ನು ಗಮನಿಸಬೇಕು. ಎತ್ತಿನ ವಿಷಯದಲ್ಲಿ ದೋಷವು ಎತ್ತಿನ ನೋವಿನಲ್ಲಿದೆ. ವಾಹನದ ವಿಷಯದಲ್ಲಿ ಏರಿದವನ ಮನಸ್ಸಿನಲ್ಲಿದೆ. ಗಾಲಿಯ ಮೇಲೆ ಪುರಾಣಕಾರನಿಗೆ ದ್ವೇಷವಿಲ್ಲ. ಯಾರನ್ನು ನೋಯಿಸಿ ಹೋಗುತ್ತೀಯೆ, ಏಕೆ ಹೋಗುತ್ತೀಯೆ ಎಂಬ ಎರಡು ಪ್ರಶ್ನೆಗಳನ್ನು ಅವನು ಕೇಳಿದಂತಾಯಿತು.

ಕಾರಿಗೆ ಎತ್ತಿಲ್ಲ, ನೋಯುವವರು ಯಾರು? ಸ್ವಲ್ಪ ಲೆಕ್ಕ ಹಾಕಿ ನೋಡಬಹುದು. ಒಂದು ಕಾರಿಗೆ, ಮುಂದೆ ಹಿಂದೆ ಬಿಡಬೇಕಾದ ಎಡೆಯೂ ಸೇರಿ, 6 ಮೀಟರು ರಸ್ತೆಯು ಬೇಕೆಂದಿಟ್ಟುಕೊಳ್ಳೋಣ. 1000 ಮಂದಿ ನಾಲ್ಕುನಾಲ್ಕು ಜನರಾಗಿ ಹೊರಟರೆ 250 ಕಾರುಗಳು. ನಿಂತಲ್ಲಿಯೇ ನಿಂತರೂ ಒಂದೂವರೆ ಕಿಲೋಮೀಟರು ಸಾಲು. ಒಬ್ಬೊಬ್ಬನೇ ಹೊರಟರೆ ಆರು ಕಿಲೋಮೀಟರು. ಅಷ್ಟೇ ಮಂದಿ ಹತ್ತು ಡಬ್ಬಿಗಳ ಒಂದು ರೈಲಿನಲ್ಲಿ ಕುಳಿತರೆ ರಸ್ತೆಯ ಒಂದು ಗೇಣೂ ಖರ್ಚಾಗುವುದಿಲ್ಲ. ಕಾರಿನವನು ಪೆಟ್ರೋಲಿನ ಬೆಲೆಯನ್ನು ತಾನು ಕೊಡುತ್ತಾನೆ, ದಾರಿಯ ಬೆಲೆಯನ್ನು ನಡೆಯುವವನಿಂದ ಕೊಡಿಸುತ್ತಾನೆ. ಬೊಬ್ಬೆಯೆದ್ದ ಕಾಲಿನ ಹೆಂಗಸು ಮುಳ್ಳಿನ ಅಂಚಿಗೆ ಇಳಿದು ನಿಲ್ಲುವುದೇ ಆ ಬೆಲೆಯು.

ದಾರಿ ಬಿಡುವ ಮಾತು ಬಂದುದರಿಂದ ಮನುಸ್ಮೃತಿಯ ಒಂದು ನಿಯಮವನ್ನು ಇಲ್ಲಿ ನೆನೆಯಬಹುದು. ಯಾರಿಗೆ ದಾರಿಯನ್ನು ಬಿಡಬೇಕೆಂದು ಹೇಳುವಾಗ ಸ್ಮೃತಿಕಾರನು ಗಾಡಿಯವನನ್ನು ಮೊದಲು ಹೇಳಿ, ಆ ಬಳಿಕ ಅತಿವೃದ್ಧ, ರೋಗಿ, ಹೊರೆಹೊತ್ತವನು, ಸ್ತ್ರೀ ಮೊದಲಾದವರನ್ನು ಹೇಳುತ್ತಾನೆ. ಕಾರಿನವರು ಇದನ್ನು ಕೇಳಿ ಸಂತೋಷಪಡಬಹುದು. ಆದರೆ ಗಾಡಿಯು ರೋಗಿಯ, ಹೊರೆಯಾಳಿನ ಪಂಕ್ತಿಯಲ್ಲಿ ಏಕೆ ಕುಳಿತಿದೆ? ಹೊರೆ ತುಂಬಿದ ಗಾಡಿಯು ಇಕ್ಕಟ್ಟಿನ ಜಾಡಿನಿಂದ ಹೊರಕ್ಕೆ ತಿರುಗಲಾರದು; ಬರಿಗೈಯಲ್ಲಿ ನಡೆಯುವವನು ಸುಲಭವಾಗಿ ಸರಿಯಬಲ್ಲನು. ಸರಿಯುವುದು ಯಾರಿಗೆ ಕಷ್ಟವೋ ಅವರಿಗೆ ದಾರಿ ಎಂಬುದೇ ಅಲ್ಲಿನ ನ್ಯಾಯವಾಗಿರಬೇಕು. ಇಂದಿನ ಕೊಟ್ಟೂರಿನ ರಸ್ತೆಯಲ್ಲಿ ಸರಿಯಲು ಕಷ್ಟಪಡುವವರು ಯಾರೆಂದು ನೋಡಿದರೆ ಆ ಪಟ್ಟಿಯ ಕ್ರಮವು ತಾನಾಗಿಯೇ ತಿರುಗುತ್ತದೆ. ಹಿಂದೆ ಬುತ್ತಿ ಕಟ್ಟಿಕೊಂಡು ಹೊರಟ ಎತ್ತಿನ ಬಂಡಿಯು ನಡೆಯುವವರ ವೇಗಕ್ಕಿಂತ ಬಹಳ ಮುಂದೆ ಹೋಗುತ್ತಿರಲಿಲ್ಲ. ಬಂಡಿಯಲ್ಲಿದ್ದವರಿಗೂ ಕೆಳಗಿದ್ದವರಿಗೂ ಮಾತುಕತೆ ನಡೆಯುತ್ತಿತ್ತು. ಗಾಜು ಏರಿಸಿದ ಕಾರಿನಲ್ಲಿ ಅದೂ ಇಲ್ಲ.

ದಾರಿಯ ಬೆಲೆಯು ಕೇವಲ ಆಯಾಸದಲ್ಲಿ ಮುಗಿಯುವುದೂ ಇಲ್ಲ. 2017ರ ಫೆಬ್ರವರಿ 21ರಂದು ಕೊಟ್ಟೂರಿನ ರಥವು ಅಚ್ಚು ಮುರಿದು ಜನರ ನಡುವೆ ಉರುಳಿ ಹಲವರಿಗೆ ಗಾಯಗಳಾದುವು. ಅಂತಹ ಗಳಿಗೆಯಲ್ಲಿ ಊರಿನಿಂದ ಆಸ್ಪತ್ರೆಗೆ ಹೋಗುವ ರಸ್ತೆಯು ಬರಿದಾಗಿರುವುದು ಪ್ರಾಣದ ಪ್ರಶ್ನೆ. ಅಲ್ಲಿ ಎರಡು ಪಕ್ಕಕ್ಕೂ ಕಾರುಗಳನ್ನು ನಿಲ್ಲಿಸಿ ಬೀಗ ಹಾಕಿಕೊಂಡು ತೇರು ನೋಡಲು ಹೋದವನು ಯಾರನ್ನೂ ನೋಯಿಸುವ ಮನಸ್ಸುಳ್ಳವನಲ್ಲ. ಅವನು ಆ ಗಾಯಗೊಂಡವನನ್ನು ಕಾಣುವುದೂ ಇಲ್ಲ. ಈ ಕಾಲದ ಪರಪೀಡೆಯ ಕಷ್ಟವೇ ಇದು. ಸಾವಿರ ಮಂದಿ ಹಂಚಿಕೊಂಡ ದೋಷದಲ್ಲಿ ತನ್ನ ಪಾಲು ಯಾರ ಕಣ್ಣಿಗೂ ಬೀಳದು.

ಹಾಗಾದರೆ ರೈಲು ಹತ್ತಿದವನು ಶುದ್ಧನೋ? ಹಾಗೆ ಹೇಳಲಾಗದು. 2025ರ ಪ್ರಯಾಗದ ಮಹಾಕುಂಭವು ಎರಡು ಪಾಠಗಳನ್ನೂ ಒಂದೇ ತಿಂಗಳಿನಲ್ಲಿ ಕಲಿಸಿತು. ಫೆಬ್ರವರಿಯಲ್ಲಿ ಪ್ರಯಾಗದ ದಾರಿಗಳಲ್ಲಿ ಮೋಟಾರುಗಳು ಗಂಟೆಗಟ್ಟಲೆ ಕದಲದೆ ನಿಂತುವು. ನೆರೆಯ ಮಧ್ಯಪ್ರದೇಶದಲ್ಲಿಯೇ ಅವುಗಳನ್ನು ತಡೆಯಬೇಕಾಯಿತು. ಅದೇ ತಿಂಗಳ 15ರ ರಾತ್ರಿ ಹೊಸದಿಲ್ಲಿಯ ರೈಲುನಿಲ್ದಾಣದಲ್ಲಿ ನೂಕುನುಗ್ಗಲಿಗೆ ಸಿಕ್ಕಿ 18 ಮಂದಿ ಸತ್ತರು. ತಾನೇ ಮೊದಲು ಹತ್ತಬೇಕೆಂದು ಮೊಣಕೈಯಿಂದ ತಿವಿಯುವವನು ಕಾರಿನವನಿಗಿಂತ ಯಾವ ವಿಧದಲ್ಲಿ ಮೇಲು? ರೈಲಿನಲ್ಲಿರುವ ಗುಣವು ಒಂದೇ. ಅದು ಯಾರ ಇಚ್ಛೆಗೂ ಹೊರಡದು, ಯಾರಿಗಾಗಿಯೂ ಕಾಯದು. ಎಲ್ಲರ ಹೊತ್ತಿಗೆ ತನ್ನ ಹೊತ್ತನ್ನು ಒಪ್ಪಿಸಿಕೊಳ್ಳುವಂತೆ ಮಾಡುತ್ತದೆ. ತೇರಿನ ಹಗ್ಗವನ್ನು ಹಿಡಿಯಲು ಹೋಗುವವನಿಗೆ ಈ ಅಭ್ಯಾಸವು ಅಪರಿಚಿತವಾಗಿರಬಾರದು.

ಅದರ ದೋಷವೂ ಅಲ್ಲಿಯೇ ಇದೆ. ಈ ದಾರಿಯಲ್ಲಿ ಗಾಡಿಗಳು ವಿರಳವು. ಸಂಜೆ ತೇರು ಎಳೆದ ಮೇಲೆ ಮನೆಗೆ ಮರಳಬೇಕಾದವನಿಗೆ ರೈಲಿನ ವೇಳೆಯು ಹೊಂದದೆ ಹೋಗಬಹುದು. ಎಂಬತ್ತು ವರ್ಷದ ತಾಯಿಯನ್ನು ನಿಲ್ದಾಣದಿಂದ ಗುಡಿಯವರೆಗೆ ಆ ಜಂಗುಳಿಯಲ್ಲಿ ನಡೆಸೆಂದು ಹೇಳುವುದು ಧರ್ಮಬೋಧೆಯಲ್ಲ, ಕ್ರೌರ್ಯವು. ಅವಳನ್ನು ಕಾರಿನಲ್ಲಿ ಕರೆದೊಯ್ಯುವವನಿಗೆ ಐಶ್ವರ್ಯದ ಮದವಾಗಲಿ ಮೋಹವಾಗಲಿ ತಟ್ಟುವುದಿಲ್ಲ. ಆದರೆ ತಾಯಿಯ ಹೆಸರಿನಲ್ಲಿ ಹೊರಟ ಕಾರಿನ ಹಿಂದೆಯೇ, ಗಟ್ಟಿಮುಟ್ಟಾದ ಮಕ್ಕಳ ಎರಡನೆಯ ಕಾರೂ ಹೊರಡುವುದುಂಟು. ಅಲ್ಲಿ ಪುರಾಣಕಾರನ ಎರಡನೆಯ ಪ್ರಶ್ನೆಯನ್ನು ಕೇಳದೆ ವಿಧಿಯಿಲ್ಲ.

ಹಗರಿಬೊಮ್ಮನಹಳ್ಳಿಯ ಅಥವಾ ಹರಪನಹಳ್ಳಿಯ ಒಂದು ಮನೆಯಲ್ಲಿ ವೃದ್ಧರನ್ನು ರಥೋತ್ಸವದ ಮುನ್ನಾದಿನವೇ, ಜನವು ಕೂಡುವ ಮೊದಲು, ಕಾರಿನಲ್ಲಿ ಕಳುಹಿಸಿ, ನಡೆಯಬಲ್ಲವರು ಮರುದಿನ ರೈಲು ಹಿಡಿದರೆ ಅಸಾಧ್ಯವಾದುದೇನೂ ಇಲ್ಲ. ರಾತ್ರಿಗೆ ಮರಳಲು ರೈಲಿಲ್ಲವೆಂದಾದರೆ ಕೊಟ್ಟೂರಿನಲ್ಲಿಯೇ ಉಳಿಯುವುದು ಹಿಂದಿನವರಿಗೆ ಕಷ್ಟವೆಂದು ತೋರಿರಲಿಲ್ಲ. ಕೂಡ್ಲಿಗಿಯವರಿಗೆ ಬಸ್ಸಿದೆ. ಹಡಗಲಿಯವರಿಗೆ, ಅವರು ಕೊಟ್ಟೂರಿಗೆ ಹೊರಟರೂ ಮೈಲಾರಕ್ಕೆ ಹೊರಟರೂ, ರೈಲಿನ ಮಾತೇ ಇಲ್ಲ. ಅಲ್ಲಿ ಕೇಳಬೇಕಾದುದು ಹೊರಡುವ ಕಾರಿನಲ್ಲಿ ಎಷ್ಟು ಜಾಗವು ಬರಿದಾಗಿದೆ, ನೆರೆಮನೆಯಲ್ಲಿ ಯಾರು ಇನ್ನೂ ಹೊರಟಿಲ್ಲ ಎಂಬಷ್ಟೇ.