ಶಿಕ್ಷೆಯೂ ಮದ್ದಾಗಲಿ



“ಸ್ವಾಮಿ, ಮಗ ಜೈಲಿಗೆ ಹೋದ ಮೇಲೆ ನನಗೆ ರಾತ್ರಿ ನಿದ್ದೆ ಬರುತ್ತಿದೆ. ಇದು ಪಾಪವೇ?”

ಭದ್ರಾವತಿಯ ತಾಯಿಯೊಬ್ಬರು ಬಲಿಪೂಜೆಯ ನಂತರ ಹೀಗೆ ಕೇಳಿದರು. ಕುಡಿತ, ಗಾಂಜಾಗಳಿಗೆ ದಾಸನಾಗಿದ್ದ ಮಗ ಕಳ್ಳತನದ ಆರೋಪದ ಮೇಲೆ ಶಿವಮೊಗ್ಗದ ಸೋಗಾನೆ ಕಾರಾಗೃಹ ಸೇರಿದ್ದ. ಒಳಗಿದ್ದರೆ ಚಟ ತಾನಾಗಿಯೇ ಬಿಟ್ಟುಹೋಗುತ್ತದೆ ಎಂಬುದು ಆಕೆಯ ನಂಬಿಕೆ.

ಆ ನಿದ್ದೆ ಪಾಪವಲ್ಲ; ದಣಿದ ಜೀವದ ವಿಶ್ರಾಂತಿ. ಆದರೆ ಆ ನಂಬಿಕೆ ಸರಿಯಲ್ಲ. ಬಾಗಿಲಿಗೆ ಬೀಗ ಹಾಕಬಹುದು, ಬಯಕೆಗೆ ಹಾಕಲಾಗದು. ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್ ವೈದ್ಯರು 5,024 ಬಂದಿಗಳ ಅಧ್ಯಯನ ನಡೆಸಿ 2011ರಲ್ಲಿ ವರದಿ ನೀಡಿದರು. ಶೇ. 79.6ರಷ್ಟು ಮಂದಿಯಲ್ಲಿ ಮಾನಸಿಕ ಕಾಯಿಲೆ ಇಲ್ಲವೇ ಮಾದಕ ಪದಾರ್ಥಗಳ ಸೇವನೆಯ ತೊಂದರೆ ಇತ್ತು. ಸೇವನೆಯ ತೊಂದರೆಯನ್ನು ಬದಿಗಿಟ್ಟರೆ ಉಳಿದದ್ದು ಶೇ. 27.6 ಮಾತ್ರ. ಅತಿಯಾಗಿ ಕುಡಿಯುತ್ತಿದ್ದವನು ವೈದ್ಯರ ನೆರವಿಲ್ಲದೆ ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಪ್ರಾಣವೇ ಹೋಗಬಹುದು. ಹೆರಾಯಿನ್ ಚಟದವನು ಬಿಡುಗಡೆಯಾದೊಡನೆ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ, ಅದನ್ನು ತಾಳುವ ಶಕ್ತಿ ಕಳೆದುಕೊಂಡಿರುವ ದೇಹ ಸೋತುಹೋಗುತ್ತದೆ.

“ಕಳ್ಳನಿಗೆ ಸರ್ಕಾರದ ಖರ್ಚಿನಲ್ಲಿ ಆರೈಕೆಯೇ?” ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕಳೆದುಕೊಂಡವನ ನೋವೂ ನಿಜವೇ. ಆದರೆ ಈ ಲೋಕದ ಶಿಕ್ಷೆ ಸೇಡಿಗಿಂತ ಹೆಚ್ಚಾಗಿ ಮದ್ದು ಎಂಬುದು ಸಂತ ಥಾಮಸ್ ಅಕ್ವಿನಾಸರ ವಿಚಾರ. ಅಭ್ಯಾಸಬಲವು ತಪ್ಪಿನ ಹೊಣೆಯನ್ನು ತಗ್ಗಿಸಬಹುದೆಂದು ಧರ್ಮಸಭೆಯ ಧರ್ಮೋಪದೇಶ (1735) ತಿಳಿಸುತ್ತದೆ. ತಗ್ಗಬಹುದು, ಕೆಲವೊಮ್ಮೆ ಇಲ್ಲವಾಗಲೂಬಹುದು; ಆದರೆ ಯಾವಾಗಲೂ ಅಳಿದುಹೋಗುವುದಿಲ್ಲ. ಕದ್ದದ್ದನ್ನು ಹಿಂತಿರುಗಿಸಲೂ ಪಶ್ಚಾತ್ತಾಪ ಪಡಲೂ ಸ್ವತಂತ್ರ ಮನಸ್ಸು ಬೇಕು. ಆದ್ದರಿಂದ ಚಿಕಿತ್ಸೆಯೆಂದರೆ ಅವನನ್ನು ಹೊಣೆಯಿಂದ ಬಿಡಿಸುವುದಲ್ಲ, ಹೊಣೆ ಹೊರಲು ಶಕ್ತನನ್ನಾಗಿ ಮಾಡುವುದು.

ನಮ್ಮ ದೇಶದ ಕಾನೂನೂ ಇದನ್ನು ಅರಿತಿದೆ. ಮಾದಕ ದ್ರವ್ಯ ಸೇವನೆಯ ಅಪರಾಧಿಯನ್ನು, ಅವನ ಒಪ್ಪಿಗೆ ಪಡೆದು, ಸೆರೆಮನೆಯ ಬದಲು ಚಿಕಿತ್ಸೆಗೆ ಕಳುಹಿಸಲು 1985ರ ಮಾದಕ ವಸ್ತುಗಳ ಕಾಯ್ದೆಯ 39ನೇ ಕಲಮು ನ್ಯಾಯಾಲಯಕ್ಕೆ ಅವಕಾಶ ಕೊಡುತ್ತದೆ. ಕಳ್ಳತನದಂತಹ ಆರೋಪದ ಮೇಲೆ ಒಳಗಿರುವವನಿಗಾದರೋ ಜೈಲಿನೊಳಗೇ ಚಿಕಿತ್ಸೆ ದೊರೆಯಬೇಕು.

ಆ ತಾಯಿಗೆ ನಾನು ಹೇಳಿದ್ದಿಷ್ಟೇ: “ಅಮ್ಮಾ, ನೆಮ್ಮದಿಯಾಗಿ ನಿದ್ದೆ ಮಾಡಿ. ಮುಂದಿನ ಭೇಟಿಯಲ್ಲಿ ಮಗನಿಗೆ ಜೈಲಿನ ವೈದ್ಯರ ಬಳಿ ಚಟದ ವಿಷಯ ಮುಚ್ಚಿಡದೆ ಹೇಳಲು ತಿಳಿಸಿ.”

ನಮಗೂ ಒಂದು ಕರ್ತವ್ಯವಿದೆ. ಸೆರೆಯಲ್ಲಿದ್ದವರನ್ನು ಕಂಡವರು ತನ್ನನ್ನೇ ಕಂಡರೆಂದು ಯೇಸುಸ್ವಾಮಿ ಎಣಿಸುತ್ತಾರೆ. ಆ ಹುಡುಗ ಹೊರಬಂದ ಭಾನುವಾರ ದೇವಾಲಯದಲ್ಲಿ ನಿಮ್ಮ ಬೆಂಚಿನಲ್ಲೇ ಬಂದು ಕುಳಿತರೆ, ಸ್ವಲ್ಪ ಸರಿದು ಜಾಗ ಕೊಡುವಿರಾ? ಇಲ್ಲ, ಎದ್ದುಹೋಗುವಿರಾ?