ಸಕ್ಕರೆ ಬೆರೆಸಿದರೆ ಮೋಸವೇ?

ಫ್ರಾನ್ಸಿನ ಬರ್ಗಂಡಿ ತಂಪು ಸೀಮೆ. ಅಲ್ಲಿನ ಹೆಸರುವಾಸಿ ಕೆಂಪು ವೈನ್ ಪಿನೋ ನ್ವಾರ್ ಎಂಬ ತೆಳುಸಿಪ್ಪೆಯ ದ್ರಾಕ್ಷಿಯದು. ತಂಪಿನಲ್ಲಿ ಹಣ್ಣು ನಿಧಾನವಾಗಿ ಮಾಗುತ್ತದೆ. ಹುಳಿ ಉಳಿಯುತ್ತದೆ, ಬಣ್ಣ ತಿಳಿ, ಪರಿಮಳ ನವಿರು. ಆದರೆ ಬಿಸಿಲು ಕೈಕೊಟ್ಟ ವರ್ಷ ಹಣ್ಣಿನಲ್ಲಿ ಸಕ್ಕರೆ ಸಾಲದು. ಸಕ್ಕರೆ ಸಾಲದಿದ್ದರೆ ಆಲ್ಕೋಹಾಲೂ ಸಾಲದು. ಆಗ ಹುದುಗುವ ರಸಕ್ಕೆ ಸಕ್ಕರೆ ಬೆರೆಸುತ್ತಾರೆ. ಲೀಟರಿಗೆ ಸುಮಾರು 17 ಗ್ರಾಂ ಹಾಕಿದರೆ ಆಲ್ಕೋಹಾಲ್ ಶೇ. 1ರಷ್ಟು ಏರುತ್ತದೆ, ಅದೆಲ್ಲ ಹುದುಗಿಹೋಗುವುದರಿಂದ ಸಿಹಿ ಉಳಿಯುವುದಿಲ್ಲ. ನೆಪೋಲಿಯನ್ನನ ಮಂತ್ರಿಯಾಗಿದ್ದ ರಸಾಯನಶಾಸ್ತ್ರಜ್ಞ ಶಾಪ್ತಾಲ್ ಇದನ್ನು ಪ್ರಚಾರಕ್ಕೆ ತಂದ. ಈ ಕ್ರಮಕ್ಕೆ ಅವನದೇ ಹೆಸರು.

ಇದು ಮೋಸ ಎಂದೇ ನನಗೆ ಮೊದಲು ಅನಿಸಿತು. ಕ್ಯಾಲಿಫೋರ್ನಿಯಾ, ಆಸ್ಟ್ರೇಲಿಯಾಗಳಲ್ಲಿ ಹೀಗೆ ಸಕ್ಕರೆ ಬೆರೆಸುವುದಕ್ಕೆ ನಿಷೇಧವೂ ಇದೆ. ಆದರೆ ಬಿಸಿಲಿಗೆ ಹುಳಿ ಕಳೆದುಕೊಂಡ ರಸಕ್ಕೆ ಅಲ್ಲಿ ಟಾರ್ಟಾರಿಕ್ ಆಮ್ಲ ಸೇರಿಸಬಹುದು. ತನಗೆ ಬೇಡದ್ದನ್ನು ನಿಷೇಧಿಸುವುದು ಎಷ್ಟು ಸುಲಭ!

ನಾನೂ ಹಾಗೆ ಮಾಡಿದವನೇ. ಪುಣೆಯ ನಮ್ಮ ಆಫೀಸಿಗೆ ಕೆಲಸ ಕೇಳಿಕೊಂಡು ಕಲಬುರಗಿ ಕಡೆಯ ಹುಡುಗನೊಬ್ಬ ಬಂದಿದ್ದ. ಅಂಕಪಟ್ಟಿಯಲ್ಲಿ ಗಣಿತಕ್ಕೆ ಕೃಪಾಂಕ ಸಿಕ್ಕಿದ್ದು ಕಂಡು, ಅವನ ಅರ್ಜಿಯನ್ನು ಬದಿಗಿಟ್ಟೆ. ಅವನ ಶಾಲೆಯಲ್ಲಿ ಎರಡು ವರ್ಷ ಗಣಿತದ ಮೇಷ್ಟ್ರೇ ಇರಲಿಲ್ಲವೆಂದು ಆಮೇಲೆ ತಿಳಿಯಿತು. ನನಗೋ ಮನೆಯಲ್ಲೇ ಲೆಕ್ಕ ಹೇಳಿಕೊಡುವ ಅಪ್ಪ, ಸಂಜೆ ಟ್ಯೂಷನ್. ಅವನ್ನು ನಾನೆಂದೂ ಕೃಪಾಂಕ ಎಂದು ಎಣಿಸಿರಲಿಲ್ಲ.

ಹಾಗಾದರೆ ಬೆರೆಸಿದ್ದೆಲ್ಲ ಸರಿಯೇ? ಅಲ್ಲ. ದುರಾಸೆಯಿಂದ ಬಳ್ಳಿಗೆ ಹೆಚ್ಚು ಗೊಂಚಲು ಬಿಡಿಸಿ, ಸಪ್ಪೆಯಾದ ರಸವನ್ನು ಸಕ್ಕರೆಯಿಂದ ಮುಚ್ಚುವವರೂ ಇದ್ದಾರೆ. ಹಣ್ಣಿನಲ್ಲಿಲ್ಲದ ಪರಿಮಳವನ್ನು ಸಕ್ಕರೆ ತಂದುಕೊಡದು. ಹವೆಯ ಕೊರತೆಯನ್ನು ತುಂಬುವುದು ಬೇರೆ, ತನ್ನ ಕೆಲಸದ ಕೊರತೆಯನ್ನು ಮರೆಮಾಡುವುದು ಬೇರೆ. ಹಾಕಿದ್ದು ಎಷ್ಟು ಎಂದು ನೋಡಿದರೆ ಈ ವ್ಯತ್ಯಾಸ ಕಾಣುವುದಿಲ್ಲ. ಯಾಕೆ ಹಾಕಬೇಕಾಯಿತು ಎಂದು ಕೇಳಬೇಕು. ಕೇಳುವುದಕ್ಕೆ ತಾಳ್ಮೆ ಬೇಕು. ನಿಯಮ ಹೇಳುವುದಕ್ಕೆ ಅದೂ ಬೇಡ.

2003ರಲ್ಲಿ ಯುರೋಪಿಗೆ ಭಾರೀ ಬಿಸಿಗಾಳಿ ಬಂತು. ಆ ವರ್ಷ ಬರ್ಗಂಡಿಯಲ್ಲೂ ಆಮ್ಲ ಸೇರಿಸಲು ವಿಶೇಷ ಅನುಮತಿ ಕೊಡಬೇಕಾಯಿತು. ಸಕ್ಕರೆ ಬೇಕಾಗುತ್ತಿದ್ದವರಿಗೆ ಹುಳಿ ಬೇಕಾಯಿತು. ಬಿಸಿಲು ಯಾರಪ್ಪನ ಮನೆಯದೂ ಅಲ್ಲ.

ಆ ಹುಡುಗನನ್ನು ಒಳಗೆ ಕರೆದು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ.