ಒಳಗೆ ಹೋದವರು ಏನು ಕೊಟ್ಟು ಬಂದರು?

2023ರ ಜನವರಿ 8ರಂದು ಪೋರ್ಟೊ ರಿಕೊದ ಸಾನ್ ಹುವಾನ್‌ನಲ್ಲಿ ಒಂದು ಒಪ್ಪಂದಕ್ಕೆ ಸಹಿ ಬಿತ್ತು. ಒಂದು ಕಡೆ ಹಸಿರು ಟ್ರಾಕ್ಟರುಗಳ ಜಾನ್ ಡೀರ್ ಕಂಪನಿ, ಇನ್ನೊಂದು ಕಡೆ ಅಮೆರಿಕದ ದೊಡ್ಡ ರೈತ ಸಂಘಟನೆ ಅಮೆರಿಕನ್ ಫಾರ್ಮ್ ಬ್ಯೂರೋ ಫೆಡರೇಶನ್. ರೈತರು ತಮ್ಮ ಮಷೀನನ್ನು ತಾವೇ ರಿಪೇರಿ ಮಾಡಿಕೊಳ್ಳೋಕೆ ಬೇಕಾದ ಮ್ಯಾನುಯಲ್, ಟೂಲ್, ಸಾಫ್ಟ್‌ವೇರ್‌ಗಳನ್ನು ನ್ಯಾಯವಾದ ಬೆಲೆಗೆ ಕೊಡ್ತೀವಿ ಅಂತ ಕಂಪನಿ ಒಪ್ಪಿಕೊಂಡಿತು. ಇಷ್ಟು ಕೇಳಿದರೆ ರೈತರು ಗೆದ್ದರು ಅನಿಸುತ್ತೆ. ಆದರೆ ಅದೇ ಕಾಗದದಲ್ಲಿ ಇನ್ನೊಂದು ಮಾತೂ ಇತ್ತು. ಈ ಒಪ್ಪಂದಕ್ಕಿಂತ ಹೆಚ್ಚಿನದನ್ನು ಕೇಳುವ ರಿಪೇರಿ ಹಕ್ಕಿನ ಕಾನೂನುಗಳನ್ನು ತರಬೇಡಿ, ಬೆಂಬಲಿಸಬೇಡಿ ಅಂತ ತನ್ನ ರಾಜ್ಯ ಘಟಕಗಳಿಗೆ ತಿಳಿಹೇಳೋದಾಗಿ ಫಾರ್ಮ್ ಬ್ಯೂರೋ ಮಾತು ಕೊಟ್ಟಿತ್ತು.

ನನ್ನನ್ನು ಕಾಡೋದು ಈ ಎರಡನೇ ಮಾತು. ನಮ್ಮ ಪರವಾಗಿ ಹೋದವರು ಏನನ್ನು ಕೇಳಬಹುದು ಅನ್ನೋದು ಸುಲಭದ ಪ್ರಶ್ನೆ. ಏನನ್ನು ಬಿಟ್ಟುಕೊಡಬಹುದು? ಅದರಲ್ಲೂ ಆ ರೂಮಿನೊಳಗೆ ಇಲ್ಲದೇ ಇರೋರದ್ದನ್ನ?

ಮೊದಲು ಜಗಳದ ಹಿನ್ನೆಲೆ. ನಾನು ಬೆಳೆದ ಹಳ್ಳಿಯಲ್ಲಿ ಟ್ರಾಕ್ಟರ್ ಕೆಟ್ಟರೆ ಮೆಕ್ಯಾನಿಕ್ ಬೈಕಿನಲ್ಲಿ ಸ್ಪ್ಯಾನರ್ ಚೀಲ ಇಟ್ಕೊಂಡು ಹೊಲಕ್ಕೇ ಬರ್ತಿದ್ದ. ಬೈಕೊಂಡೇ ಬಿಚ್ತಿದ್ದ, ಬೈಕೊಂಡೇ ಸರಿಮಾಡಿ ಹೋಗ್ತಿದ್ದ. ಅಮೆರಿಕದ ದೊಡ್ಡ ಟ್ರಾಕ್ಟರು, ಕೊಯ್ಲಿನ ಕಂಬೈನುಗಳು ಈಗ ಹಾಗಿಲ್ಲ. ಒಳಗೆಲ್ಲ ಸೆನ್ಸರು, ಕಂಪ್ಯೂಟರು. ಒಂದು ಸೆನ್ಸರ್ ತಪ್ಪು ಹೇಳಿದರೆ ಎಂಜಿನ್ ತನ್ನ ಶಕ್ತಿಯನ್ನು ತಾನೇ ಇಳಿಸಿಕೊಂಡು ಕುಂಟತೊಡಗಬಹುದು. ಪಾರ್ಟ್ ಬದಲಾಯಿಸೋದು ರೈತನಿಗೆ ಗೊತ್ತು. ಆದರೆ ಕೆಲವು ಪಾರ್ಟುಗಳನ್ನು ಮಷೀನು ಒಪ್ಪಿಕೊಳ್ಳಬೇಕಾದರೆ ಡೀಲರ್ ತನ್ನ ಸಾಫ್ಟ್‌ವೇರ್ ಜೋಡಿಸಿ ಅನುಮತಿ ಕೊಡಬೇಕು. ಬೆಳೆ ಕೊಯ್ಲಿಗೆ ನಿಂತು ಮೋಡ ಕಟ್ಟಿರುವಾಗ ಡೀಲರಿಗೆ ಎರಡು ದಿನ ಕಾಯೋದು ಅಂದ್ರೆ ಏನು ಅಂತ ಹೊಲ ಇರೋರಿಗೆ ಬಿಡಿಸಿ ಹೇಳಬೇಕಾಗಿಲ್ಲ.

2015ರಲ್ಲಿ ಅಮೆರಿಕದ ಕಾಪಿರೈಟ್ ಕಚೇರಿಗೆ ಬರೆದ ಪತ್ರದಲ್ಲಿ ಜಾನ್ ಡೀರ್ ತನ್ನ ನಿಲುವನ್ನು ನೇರವಾಗಿಯೇ ಹೇಳಿತ್ತು. ಟ್ರಾಕ್ಟರ್ ಕೊಂಡವನಿಗೆ ಒಳಗಿನ ಸಾಫ್ಟ್‌ವೇರಿನ ಒಡೆತನ ಬರೋದಿಲ್ಲ. ಗಾಡಿ ಇರುವಷ್ಟು ಕಾಲ ಅದನ್ನು ಓಡಿಸುವ ಲೈಸೆನ್ಸ್ ಮಾತ್ರ ಸಿಗುತ್ತದೆ ಅಂತ. ಅದೇ ವರ್ಷ ಸರ್ಕಾರ, ರಿಪೇರಿಗಾಗಿ ಸಾಫ್ಟ್‌ವೇರಿನ ಬೀಗ ಮುರಿಯೋದಕ್ಕೆ ಟ್ರಾಕ್ಟರುಗಳಿಗೂ ವಿನಾಯಿತಿ ಕೊಟ್ಟಿತು. ಬೀಗ ಮುರಿಯೋಕೆ ಅನುಮತಿ ಸಿಕ್ಕಿತು, ಕೀಲಿಕೈ ಸಿಗಲಿಲ್ಲ. 2018ರಲ್ಲಿ ತಯಾರಕರ ಮತ್ತು ಡೀಲರುಗಳ ಸಂಘಗಳು, 2021ರ ಹೊತ್ತಿಗೆ ರಿಪೇರಿ ಟೂಲುಗಳನ್ನು ರೈತರಿಗೆ ಕೊಡ್ತೀವಿ ಅಂದವು. 2021 ಬಂತು. ಗ್ರಾಹಕ ಸಂಘಟನೆಯೊಂದು ಡೀಲರುಗಳನ್ನು ವಿಚಾರಿಸಿದಾಗ ಟೂಲು ಸಿಗಲಿಲ್ಲ. ಕಾನೂನೇ ಬೇಕು ಅನ್ನೋ ಕೂಗು ರಾಜ್ಯರಾಜ್ಯಗಳಲ್ಲಿ ಎದ್ದಿದ್ದು ಹೀಗೆ. ಇಂಥ ಹೊತ್ತಲ್ಲಿ ಸಾನ್ ಹುವಾನ್‌ನ ಒಪ್ಪಂದ ಬಂತು.

ಫಾರ್ಮ್ ಬ್ಯೂರೋ ಕಡೆಯಿಂದಲೂ ಒಂದು ವಾದ ಇದೆ, ಅದನ್ನ ತಳ್ಳಿಹಾಕೋಕಾಗಲ್ಲ. ಕಾನೂನು ಆಗೋಕೆ ವರ್ಷಗಟ್ಟಲೆ ಬೇಕು. ರೈತನಿಗೆ ಮ್ಯಾನುಯಲ್ ಬೇಕಿರೋದು ಈ ಕೊಯ್ಲಿಗೆ. ಮಾತುಕತೆ ಅಂದ್ರೇನೇ ಕೊಟ್ಟು ತಗೊಳ್ಳೋದು, ಏನೂ ಕೊಡದೆ ಎದ್ದು ಬರೋರಿಗೆ ಸಾಮಾನ್ಯವಾಗಿ ಏನೂ ಸಿಗೋದಿಲ್ಲ. ಆಮೇಲೆ ಅದೇ ವರ್ಷ ಇನ್ನೂ ಕೆಲವು ಕಂಪನಿಗಳು ಅಂಥದೇ ಒಪ್ಪಂದಕ್ಕೆ ಬಂದವು. ಸಮಯ ಇಲ್ಲದವನಿಗೆ ಅರ್ಧ ರೊಟ್ಟಿಯೂ ಊಟವೇ.

ಆದರೂ ಸಮಾಧಾನ ಆಗಲ್ಲ. ಒಂದು ಕಾರಣ, ಯಾರು ಯಾರ ಪರ ಅನ್ನೋದು. ಫಾರ್ಮ್ ಬ್ಯೂರೋ ಹೇಳಿಕೊಳ್ಳುವ ಸದಸ್ಯರ ಸಂಖ್ಯೆ ಸುಮಾರು 60 ಲಕ್ಷ. ಅಮೆರಿಕದಲ್ಲಿ 2022ರ ಕೃಷಿ ಗಣತಿಯ ಪ್ರಕಾರ ಇರುವ ಫಾರ್ಮುಗಳು ಸುಮಾರು 19 ಲಕ್ಷ. ಈ ಲೆಕ್ಕ ಹೇಗೆ ಕೂಡುತ್ತೆ ಅಂದ್ರೆ, ಸಂಘಟನೆಯ ಹೆಸರಿನ ವಿಮಾ ಕಂಪನಿಗಳಿಂದ ಪಾಲಿಸಿ ಕೊಳ್ಳೋಕೆ ಎಷ್ಟೋ ಕಡೆ ಸದಸ್ಯತ್ವ ಬೇಕು, ಹಾಗಾಗಿ ಹೊಲವೇ ಇಲ್ಲದವರೂ ಸದಸ್ಯರು. ಇತ್ತ ಇನ್ನೊಂದು ರೈತ ಸಂಘಟನೆ, ನ್ಯಾಷನಲ್ ಫಾರ್ಮರ್ಸ್ ಯೂನಿಯನ್, ಕಾನೂನು ಬೇಕೇ ಬೇಕು ಅಂತ ನಿಂತಿತ್ತು. ಎರಡೂ 'ರೈತರ ದನಿ'ಯೇ. ಒಂದರ ಜೊತೆ ಕೈಕುಲುಕಿ 'ರೈತರ ಜೊತೆ ಮಾತಾಡಿ ಆಯ್ತು' ಅಂತ ಹೇಳೋಕೆ ಕಂಪನಿಗೆ ಅನುಕೂಲವಾಯಿತು.

ಇದು ಟ್ರಾಕ್ಟರಿನ ಕಂಪನಿಯದ್ದು ಮಾತ್ರ ಅಂತ ತಿಳಿಯಬೇಡಿ. ನಾವು ಸಾಫ್ಟ್‌ವೇರಿನವರು ಮೀಟಿಂಗಲ್ಲಿ ದಿನಾ 'ಯೂಸರ್ ಏನು ಕೇಳ್ತಿದ್ದಾರೆ' ಅಂತ ಮಾತಾಡ್ತೀವಿ. ಆ ಯೂಸರ್ ಯಾರು? ಬರೆಯೋಕೆ ಬಿಡುವಿರೋರು, ಇಂಗ್ಲಿಷ್ ಬರೋರು, ದೊಡ್ಡ ಗಿರಾಕಿಯ ಕಡೆಯವರು. ಆಪ್ ಕೈಕೊಟ್ಟಾಗ ಸುಮ್ಮನೆ ಮಗನ ಹತ್ತಿರ ಫೋನ್ ಕೊಟ್ಟು ನೋಡು ಅನ್ನೋ ನಮ್ಮಪ್ಪನಂಥವರು ಆ ಪದದಲ್ಲಿ ಸೇರಿರೋದೇ ಇಲ್ಲ. ಕಂಪನಿಗೆ ಮಾತಾಡೋಕೆ ಒಂದು ಮುಖ ಬೇಕು, ಆ ಮುಖವನ್ನು ತನಗೆ ಹೊಂದುವ ಹಾಗೆ ಆರಿಸಿಕೊಳ್ಳುತ್ತೆ. ಇದರಲ್ಲಿ ದೊಡ್ಡ ಪಿತೂರಿ ಏನಿಲ್ಲ, ಸಲೀಸಾಗಿ ಕೆಲಸ ಮುಗಿಯಲಿ ಅನ್ನೋ ಆಸೆ ಅಷ್ಟೇ.

ಇನ್ನೊಂದು ಸಮುದಾಯವನ್ನು ಪಕ್ಕದಲ್ಲಿಟ್ಟು ನೋಡೋಣ. ಟೈಪ್ 1 ಡಯಾಬಿಟಿಸ್ ಇರೋರು ಮೈಗೆ ಸೆನ್ಸರ್ ಅಂಟಿಸಿಕೊಂಡಿರ್ತಾರೆ, ಪಂಪಿನಿಂದ ಇನ್ಸುಲಿನ್ ತಗೊಳ್ತಾರೆ. ಡೇನಾ ಲೂಯಿಸ್ ಅನ್ನೋ ಅಮೆರಿಕದ ಹೆಣ್ಣುಮಗಳಿಗೆ ರಾತ್ರಿ ಸಕ್ಕರೆ ಇಳಿದಾಗ ಸೆನ್ಸರಿನ ಅಲಾರಾಂ ಸದ್ದಿಗೆ ಎಚ್ಚರ ಆಗ್ತಿರಲಿಲ್ಲ. ಸದ್ದು ಜೋರು ಮಾಡಿ ಅಂತ ಕೇಳಿದ್ದಕ್ಕೆ ಫಲ ಸಿಗಲಿಲ್ಲ. ಅದೇ ಕಾಲಕ್ಕೆ, ಶಾಲೆಯಲ್ಲಿರುವ ಮಗುವಿನ ಸಕ್ಕರೆ ಮಟ್ಟವನ್ನು ಆಫೀಸಿನಿಂದಲೇ ನೋಡಬೇಕು ಅಂತ ಕೆಲವು ಅಪ್ಪ ಅಮ್ಮಂದಿರು ಸೆನ್ಸರಿನ ಡೇಟಾವನ್ನು ತಾವೇ ಹೊರತೆಗೆದರು. 2013ರಲ್ಲಿ ಇವರೆಲ್ಲರ ಘೋಷಣೆ ಆಯಿತು: 'ನಾವು ಕಾಯ್ತಾ ಕೂರಲ್ಲ'. 2015ರಲ್ಲಿ ಲೂಯಿಸ್ ಮತ್ತು ಜೊತೆಗಾರರು, ಸೆನ್ಸರ್ ನೋಡಿ ಪಂಪನ್ನು ತಾನೇ ನಡೆಸುವ ವ್ಯವಸ್ಥೆಯ ವಿನ್ಯಾಸವನ್ನು ಎಲ್ಲರಿಗೂ ತೆರೆದಿಟ್ಟರು.

ಇಲ್ಲಿ ನನಗೆ ಹಿಡಿಸಿದ್ದು ಅವರ ಕೋಡಿಗಿಂತ ಒಂದು ನಿಯಮ. ಈ ಆಪ್‌ಗಳನ್ನು ಯಾರೂ ಸಿದ್ಧಮಾಡಿ ಕೈಗೆ ಕೊಡ್ತಿರಲಿಲ್ಲ. ನಿಮಗೆ ಬೇಕಾದರೆ ನೀವೇ ಕೂತು ಬಿಲ್ಡ್ ಮಾಡ್ಕೋಬೇಕು, ಕಲಿಸೋಕೆ ನಾವಿದ್ದೀವಿ. ನಿಮ್ಮ ದೇಹದ ಅಪಾಯವನ್ನ ನಿಮ್ಮ ಪರವಾಗಿ ನಾನು ಒಪ್ಪಿಕೊಳ್ಳಲಾರೆ ಅನ್ನೋ ಎಚ್ಚರ ಅದು. ಇದಕ್ಕೂ ಬೆಲೆ ಇತ್ತು: ಲ್ಯಾಪ್‌ಟಾಪ್, ಬಿಡುವು, ಧೈರ್ಯ ಇಲ್ಲದವರು ಹೊರಗುಳಿದರು. ಆ ಕೊರತೆ ತುಂಬೋಕೆ ಟೈಡ್‌ಪೂಲ್ ಅನ್ನೋ ಲಾಭರಹಿತ ಸಂಸ್ಥೆ, ಸಮುದಾಯ ಬರೆದ ಆಪನ್ನೇ ತಗೊಂಡು ಅಮೆರಿಕದ ಔಷಧ ನಿಯಂತ್ರಕರ ಮುಂದೆ ಹೋಯಿತು. ಒಪ್ಪಿಗೆ ಸಿಕ್ಕಿದ್ದು ಟ್ರಾಕ್ಟರ್ ಒಪ್ಪಂದ ಆದ ಅದೇ 2023ರ ಜನವರಿಯಲ್ಲಿ. ಅವರೂ ಒಳಗೆ ಹೋಗಿ ಮಾತಾಡಿದರು. ಆದರೆ 'ಇನ್ನು ಮೇಲೆ ನಮ್ಮವರು ಮನೆಯಲ್ಲಿ ಕೂತು ಆಪ್ ಕಟ್ಟೋದು ನಿಲ್ಲಿಸ್ತಾರೆ' ಅಂತ ಯಾರಿಗೂ ಮಾತು ಕೊಟ್ಟು ಬರಲಿಲ್ಲ.

ನನ್ನ ಪ್ರಕಾರ ವ್ಯತ್ಯಾಸ ಇರೋದು ಇಲ್ಲಿ. ಪರವಾಗಿ ಹೋದವರು ನಮ್ಮ ಬೇಡಿಕೆಯಲ್ಲಿ ಚೌಕಾಸಿ ಮಾಡಬಹುದು. ಹತ್ತು ಕೇಳೋಕೆ ಹೋಗಿ ಆರು ತರಬಹುದು, ಅದು ಅವರ ಕೆಲಸ. ಆದರೆ ಉಳಿದ ನಾಲ್ಕನ್ನು ನಾಳೆ ಇನ್ಯಾರೋ ಕೇಳುವ ದಾರಿಯನ್ನು ಮುಚ್ಚುತ್ತೀವಿ ಅಂತ ಒಪ್ಪಿಕೊಳ್ಳೋದಿದೆಯಲ್ಲ, ಆ ದಾರಿ ಅವರ ಸ್ವತ್ತಲ್ಲ. ಕಬ್ಬಿನ ದರಕ್ಕೆ ಕಾರ್ಖಾನೆ ಗೇಟಿನಲ್ಲಿ ನಿಂತವರಿಗೆ ಇದು ಚೆನ್ನಾಗಿ ಗೊತ್ತು. ಮುಖಂಡರು ಒಳಗೆ ಹೋಗ್ತಾರೆ, ಟನ್ನಿಗೆ ಇಷ್ಟು ಅಂತ ಒಂದು ದರಕ್ಕೆ ಬಂದು ನಿಲ್ತಾರೆ. ಆಮೇಲೆ ಹೊರಗೆ ಬಂದು ಟ್ರಾಕ್ಟರ್ ಟ್ರೈಲರ್ ಮೇಲೆ ನಿಂತು ಎಲ್ಲರಿಗೂ ಹೇಳಬೇಕು. ಕೆಳಗಿರೋನು ಒಪ್ಪದೆ ಬೈಬಹುದು, ಇನ್ನೊಂದು ಬಣ ಕಟ್ಟಬಹುದು, ಮುಂದಿನ ಹಂಗಾಮಿಗೆ ಮತ್ತೆ ರಸ್ತೆಗೆ ಇಳಿಯಬಹುದು. ಅವನ ಆ ಬೈಯುವ ಹಕ್ಕನ್ನೂ ಸೇರಿಸಿ ಬರೆದುಕೊಟ್ಟು ಬಂದ ಮುಖಂಡ ಅವತ್ತು ಗೇಟು ದಾಟೋದು ಕಷ್ಟ.

ಅಮೆರಿಕದಲ್ಲಿ ಆ ದಾರಿ ಕೊನೆಗೂ ಮುಚ್ಚಲಿಲ್ಲ. ಒಪ್ಪಂದವಾದ ಮೂರೇ ತಿಂಗಳಲ್ಲಿ, 2023ರ ಏಪ್ರಿಲ್‌ನಲ್ಲಿ, ಕೊಲರಾಡೊ ರಾಜ್ಯ ಕೃಷಿ ಯಂತ್ರಗಳ ರಿಪೇರಿ ಹಕ್ಕಿನ ಕಾನೂನು ತಂದಿತು. 2025ರ ಜನವರಿಯಲ್ಲಿ ಫೆಡರಲ್ ಟ್ರೇಡ್ ಕಮಿಷನ್, ಪೂರ್ತಿ ಕೆಲಸ ಮಾಡುವ ರಿಪೇರಿ ಸಾಫ್ಟ್‌ವೇರನ್ನು ಡೀಲರುಗಳಿಗೆ ಮಾತ್ರ ಕೊಡ್ತಿದೆ ಅಂತ ಆರೋಪಿಸಿ ಕಂಪನಿಯ ಮೇಲೆ ಮೊಕದ್ದಮೆ ಹೂಡಿತು. ಒಪ್ಪಂದ ಸಾಕು ಅಂದವರ ಮಾತನ್ನು ಎಲ್ಲರೂ ಕೇಳಿ ಸುಮ್ಮನಾಗಿದ್ದರೆ ಈ ಎರಡೂ ನಡೀತಿತ್ತಾ?

ನಮ್ಮಲ್ಲೂ 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿಗೆ ಚೌಕಟ್ಟು ರೂಪಿಸಲು ಸಮಿತಿ ಮಾಡಿತು. ಮೊಬೈಲು, ವಾಹನ, ಮನೆಬಳಕೆಯ ವಸ್ತುಗಳ ಜೊತೆ ಕೃಷಿ ಉಪಕರಣವೂ ಅದರ ಪಟ್ಟಿಯಲ್ಲಿದೆ. ಹಾಗಾಗಿ ಇಂಥ ಮಾತುಕತೆಯ ಮೇಜುಗಳು ನಮ್ಮ ಸುತ್ತಲೂ ಬರಲಿವೆ, ಸಣ್ಣವು ಈಗಾಗಲೇ ಬಂದಿವೆ. ನಿಮ್ಮ ಎಲೆಕ್ಟ್ರಿಕ್ ಸ್ಕೂಟರಿನ ವಾಟ್ಸಾಪ್ ಗ್ರೂಪಿನಿಂದ ಐದು ಜನರನ್ನು ಕಂಪನಿ ಕಾಫಿಗೆ ಕರೆದು, ಒಂದು ಗೌಪ್ಯತೆಯ ಕಾಗದಕ್ಕೆ ಸಹಿ ಹಾಕಿಸಿಕೊಂಡು, 'ಬ್ಯಾಟರಿ ತೊಂದರೆ ನಿಮ್ಮೈದು ಜನಕ್ಕೆ ಮೊದಲು ಸರಿಮಾಡ್ತೀವಿ, ಗ್ರೂಪಲ್ಲಿ ಸ್ವಲ್ಪ ಸಮಾಧಾನ ಮಾಡಿ' ಅಂದರೆ ಏನು ಮಾಡ್ತೀರಿ? ಹೋಗಿ, ಕಾಫಿಯನ್ನೂ ಕುಡೀರಿ. ಆದರೆ ಸಹಿ ಹಾಕೋ ಮೊದಲು, ಒಳಗೆ ನಡೆದಿದ್ದನ್ನೆಲ್ಲ ವಾಪಸ್ ಬಂದು ಗ್ರೂಪಿನಲ್ಲಿ ಹೇಳೋಕಾಗುತ್ತಾ ಅಂತ ಒಮ್ಮೆ ಕೇಳಿ. ಆಗಲ್ಲ ಅಂದರೆ ನೀವು ಹೋಗಿರೋದು ಅವರ ಪರವಾಗಿ ಅಲ್ಲ.